ಜಾಸ್ತಿ ಇರುವುದು ಬೇರೆ, ನಿಲ್ಲದೇ ಇರುವುದು ಬೇರೆ: ಮೆಟ್ ಪ್ರೋಟೀನಿನ ಒಂದು ಪ್ರಕರಣ

2014ರ ಮಾರ್ಚ್ ತಿಂಗಳ ಆರಂಭ. ಶ್ವಾಸಕೋಶದ ಕ್ಯಾನ್ಸರಿಗೆ ನಡೆಯುತ್ತಿದ್ದ ದೊಡ್ಡದೊಂದು ಔಷಧ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸುವುದು ಒಳ್ಳೆಯದು ಎಂದು ಅದರ ಮೇಲೆ ಕಣ್ಣಿಟ್ಟಿದ್ದ ಸ್ವತಂತ್ರ ಸಮಿತಿ ಹೇಳಿತು. ಔಷಧ ತಯಾರಿಸಿದ್ದ ಅಮೆರಿಕದ ಜೆನೆಂಟೆಕ್ ಕಂಪನಿ ಅದನ್ನು ಒಪ್ಪಿಕೊಂಡಿತು. ಔಷಧದ ಹೆಸರು ಒನಾರ್ಟುಝುಮ್ಯಾಬ್. ಅದು ಕಟ್ಟಿಹಾಕಬೇಕಿದ್ದದ್ದು ಮೆಟ್ ಎಂಬ ಪ್ರೋಟೀನನ್ನು.

ಪ್ರಯೋಗದಲ್ಲಿ 499 ರೋಗಿಗಳಿದ್ದರು. ಎಲ್ಲರಿಗೂ ಕಾಯಿಲೆ ಮುಂದುವರಿದಿತ್ತು, ಮೊದಲ ಸುತ್ತಿನ ಚಿಕಿತ್ಸೆ ಆಗಿಹೋಗಿತ್ತು. ಎಲ್ಲರ ಗಡ್ಡೆಯನ್ನೂ ಮೊದಲೇ ಪರೀಕ್ಷೆ ಮಾಡಿ, ಮೆಟ್ ಜಾಸ್ತಿ ಇದ್ದವರನ್ನೇ ಆರಿಸಿಕೊಂಡಿದ್ದರು. ಎರ್ಲೋಟಿನಿಬ್ ಎಂಬ ಮಾತ್ರೆ ಎಲ್ಲರಿಗೂ ಇತ್ತು. ಅದರ ಜೊತೆ ಒಂದು ಗುಂಪಿಗೆ ಒನಾರ್ಟುಝುಮ್ಯಾಬ್, ಇನ್ನೊಂದು ಗುಂಪಿಗೆ ಪ್ಲಾಸಿಬೊ, ಅಂದರೆ ಔಷಧವೇ ಇಲ್ಲದ ಹುಸಿ ಮದ್ದು. ಹೊಸ ಔಷಧ ಸಿಕ್ಕವರು ಬದುಕಿದ ಮೀಡಿಯನ್ ಅವಧಿ 6.8 ತಿಂಗಳು. ಪ್ಲಾಸಿಬೊ ಗುಂಪಿನಲ್ಲಿ 9.1 ತಿಂಗಳು. ಮೀಡಿಯನ್ ಎಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ಸರಿಯಾಗಿ ನಡುವೆ ಬರುವವರ ಅಂಕಿ. ಈ ಅಂತರ ಆಕಸ್ಮಿಕವೂ ಇರಬಹುದು, ಇದೊಂದನ್ನೇ ಹಿಡಿದು ಔಷಧ ಕೆಡುಕು ಮಾಡಿತು ಎನ್ನಲು ಬರುವುದಿಲ್ಲ. ಆದರೆ ಒಳ್ಳೆಯದು ಮಾಡಲಿಲ್ಲ ಎನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ.

ಆರು ವರ್ಷ ಕಳೆಯಿತು. 2020ರ ಮೇ ತಿಂಗಳಲ್ಲಿ ಅದೇ ಮೆಟ್ ಪ್ರೋಟೀನನ್ನು ತಡೆಯುವ ಕ್ಯಾಪ್ಮಾಟಿನಿಬ್ ಎಂಬ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದೇ ಶ್ವಾಸಕೋಶ, ಅದೇ ಪ್ರೋಟೀನ್. ಈ ಸಲ ಮೊದಲೇ ಬೇರೆ ಚಿಕಿತ್ಸೆ ಆಗಿದ್ದ 69 ಜನರಲ್ಲಿ ಶೇ. 41ರಷ್ಟು ಮಂದಿಗೆ ಗಡ್ಡೆ ಚೆನ್ನಾಗಿ ಕುಗ್ಗಿತ್ತು. ಇದನ್ನೇ ಮೊದಲ ಚಿಕಿತ್ಸೆಯಾಗಿ ತೆಗೆದುಕೊಂಡ 28 ಜನರಲ್ಲಿ ಶೇ. 68ರಷ್ಟು ಮಂದಿಗೆ.

ಮಧ್ಯದಲ್ಲಿ ಔಷಧವೂ ಬದಲಾಗಿತ್ತು, ಯಾವ ರೋಗಿಗೆ ಕೊಡಬೇಕು ಎಂದು ಆರಿಸುವ ರೀತಿಯೂ ಬದಲಾಗಿತ್ತು. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡ ಸಂಗತಿ. ಅದನ್ನು ಬಿಡಿಸಿ ನೋಡುವುದಕ್ಕೇ ಈ ಬರಹ.

ಮೆಟ್ ಮಾಡುವ ಕೆಲಸ

ಮೆಟ್ ಪ್ರೋಟೀನನ್ನು ಮಾಡಿಸುವ ಜೀನು ಸಿಕ್ಕಿದ್ದು 1984ರಲ್ಲಿ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜಾರ್ಜ್ ವ್ಯಾಂಡ್ ವೂಡ್ ಅವರ ಲ್ಯಾಬಿನಲ್ಲಿ. ಮೂಳೆ ಕ್ಯಾನ್ಸರಿನಿಂದ ಬೆಳೆಸಿದ್ದ ಮನುಷ್ಯರ ಜೀವಕೋಶಗಳಿಗೆ ಒಂದು ರಾಸಾಯನಿಕ ಹಾಕಿದ್ದರು. ಅವು ಇನ್ನಷ್ಟು ಉಗ್ರವಾದವು. ಆ ಉಗ್ರತನಕ್ಕೆ ಕಾರಣವಾದ ಜೀನನ್ನು ಹುಡುಕಿ ತೆಗೆದರು. ಆ ರಾಸಾಯನಿಕದ ಮಾರುದ್ದ ಹೆಸರಿನಲ್ಲಿದ್ದ ‘ಮೀಥೈಲ್’ನಿಂದ ಮೆಟ್ ಎಂಬ ಹೆಸರು ಬಂತು. ನಮ್ಮ ಭಾಷೆಯಲ್ಲಿ ಮೆಟ್ಟು ಎಂದರೆ ಕಾಲಿಗೆ ಹಾಕಿಕೊಳ್ಳುವುದು, ಹೆಜ್ಜೆ ಊರುವುದು. ಎರಡಕ್ಕೂ ಸಂಬಂಧ ಇಲ್ಲ. ಆದರೂ ಜೀವಕೋಶವನ್ನು ನಡೆಸುವ ಪ್ರೋಟೀನಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ಕನ್ನಡದವರು ಇಡಲು ಆಗುತ್ತಿರಲಿಲ್ಲ.

ಅದು ನಡೆಸುತ್ತದೆ ಎನ್ನುವುದು ಬೇರೆಯದೇ ದಾರಿಯಲ್ಲಿ ಗೊತ್ತಾಯಿತು. ಇಂಗ್ಲೆಂಡಿನಲ್ಲಿ ಮೈಕೆಲ್ ಸ್ಟೋಕರ್ ಎಂಬ ಹಿರಿಯ ವಿಜ್ಞಾನಿ ಇದ್ದರು. ಅವರು ನಾಯಿಯ ಮೂತ್ರಪಿಂಡದ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ಈ ಕೋಶಗಳನ್ನು ನೋಡಿದರೆ ಅಂಗಳಕ್ಕೆ ಹಾಸಿದ ಚಪ್ಪಡಿ ಕಲ್ಲಿನ ಹಾಗೆ ಕಾಣುತ್ತವೆ. ಒಂದಕ್ಕೊಂದು ಅಂಟಿ, ಗುಂಪು ಗುಂಪಾಗಿ, ದ್ವೀಪದ ಹಾಗೆ ಕೂತಿರುತ್ತವೆ. ಭ್ರೂಣದ ನಾರುಕೋಶಗಳನ್ನು ಬೆಳೆಸಿದ ನೀರನ್ನು ಇವುಗಳ ಮೇಲೆ ಹಾಕಿದಾಗ ವಿಚಿತ್ರ ನಡೆಯಿತು. ದ್ವೀಪದ ಅಂಚು ಮೊದಲು ಅಲುಗಾಡಿತು. ತೆಳ್ಳಗಿನ ಪದರಗಳು ಹೊರಚಾಚಿದವು. ಅಕ್ಕಪಕ್ಕದ ಕೋಶಗಳ ಹಿಡಿತ ಬಿಟ್ಟಿತು. ಮಾರನೆಯ ದಿನಕ್ಕೆ ದ್ವೀಪವೇ ಇಲ್ಲ, ಒಂದೊಂದು ಕೋಶವೂ ಒಂದೊಂದು ದಿಕ್ಕಿಗೆ ಹೊರಟುಹೋಗಿತ್ತು. ಕೋಶ ಸತ್ತಿರಲಿಲ್ಲ, ಹೆಚ್ಚಾಗಿಯೂ ಇರಲಿಲ್ಲ, ಸುಮ್ನೆ ಚದುರಿತ್ತು. 1985ರಲ್ಲಿ ಇದನ್ನು ಪ್ರಕಟಿಸಿದಾಗ ಆ ನೀರಿನಲ್ಲಿದ್ದ ವಸ್ತುವಿಗೆ ‘ಸ್ಕ್ಯಾಟರ್ ಫ್ಯಾಕ್ಟರ್’ ಎಂದು ಹೆಸರಿಟ್ಟರು. ಚದುರಿಸುವ ವಸ್ತು, ಅಷ್ಟೇ.

ಅದೇ ಹೊತ್ತಿಗೆ ಜಪಾನಿನಲ್ಲಿ ತೋಶಿಕಾಜು ನಾಕಾಮುರಾ ಅವರ ತಂಡ ಪಿತ್ತಜನಕಾಂಗದ ಕೋಶಗಳನ್ನು, ಅಂದರೆ ಲಿವರ್ ಕೋಶಗಳನ್ನು ಬೆಳೆಸುವ ಒಂದು ಪ್ರೋಟೀನನ್ನು ಹುಡುಕಿತ್ತು. ಅದನ್ನು ಎಚ್‌ಜಿಎಫ್ ಎಂದು ಕರೆದರು. 1991ರ ಹೊತ್ತಿಗೆ ಎಲ್ಲ ತುಂಡುಗಳೂ ಕೂಡಿಕೊಂಡವು. ಸ್ಟೋಕರ್ ಅವರ ಚದುರಿಸುವ ವಸ್ತು ಮತ್ತು ಜಪಾನಿನ ಲಿವರ್ ಬೆಳೆಸುವ ಪ್ರೋಟೀನ್ ಎರಡೂ ಒಂದೇ. ಅದನ್ನು ಕೋಶದ ಮೇಲೆ ಹಿಡಿದುಕೊಳ್ಳುವ ಕೈ ಮೆಟ್.

ಮೆಟ್ ಕೋಶದ ಹೊರಪೊರೆಯನ್ನು ಹಾಯ್ದು ನಿಂತಿರುತ್ತದೆ. ಅರ್ಧ ಹೊರಗೆ, ಅರ್ಧ ಒಳಗೆ. ಹೊರಗಿನ ಭಾಗಕ್ಕೆ ಎಚ್‌ಜಿಎಫ್ ಬಂದು ಕೂತಾಗ ಎರಡು ಮೆಟ್‌ಗಳು ಹತ್ತಿರ ಬರುತ್ತವೆ. ಒಳಗಿನ ಭಾಗಗಳು ಒಂದರ ಮೇಲೊಂದು ಫಾಸ್ಫೇಟ್ ಗುರುತು ಹಾಕುತ್ತವೆ. ಆ ಗುರುತುಗಳಿಗೆ ಗ್ಯಾಬ್1, ಜಿಆರ್‌ಬಿ2 ಎಂಬ ಬೇರೆ ಪ್ರೋಟೀನುಗಳು ಬಂದು ಸೇರುತ್ತವೆ. ಅಲ್ಲಿಂದ ಸುದ್ದಿ ಕವಲೊಡೆಯುತ್ತದೆ. ಒಂದು ದಾರಿ ‘ಇಬ್ಭಾಗವಾಗು’ ಎನ್ನುತ್ತದೆ, ಇನ್ನೊಂದು ‘ಸಾಯಬೇಡ’ ಎನ್ನುತ್ತದೆ. ಮತ್ತೊಂದು ರ‍್ಯಾಕ್1 ಎಂಬ ಪ್ರೋಟೀನನ್ನು ಎಬ್ಬಿಸಿ ಕೋಶದ ಮುಂಭಾಗವನ್ನು ಮುಂದಕ್ಕೆ ತಳ್ಳಿಸುತ್ತದೆ. ಇದರ ಜೊತೆಗೇ ಪಕ್ಕದ ಕೋಶವನ್ನು ಹಿಡಿದುಕೊಂಡಿದ್ದ ಕ್ಯಾಡ್ಹೆರಿನ್ ಎಂಬ ಅಂಟು ಸಡಿಲವಾಗುತ್ತದೆ.

ಇದೆಲ್ಲ ನಮ್ಮ ಒಳ್ಳೆಯದಕ್ಕೇ ಇರುವ ಏರ್ಪಾಡು. 1995ರಲ್ಲಿ ಬರ್ಲಿನ್‌ನ ಕಾರ್ಮೆನ್ ಬಿರ್ಚ್‌ಮೈಯರ್ ಅವರ ತಂಡ ಮೆಟ್ ಕೆಲಸ ಮಾಡದ ಇಲಿ ಭ್ರೂಣಗಳನ್ನು ನೋಡಿತು. ಅವುಗಳ ಕೈಕಾಲಿಗೆ ಮೂಳೆ ಇತ್ತು, ಮಾಂಸಖಂಡ ಇರಲಿಲ್ಲ. ಉಸಿರಾಟಕ್ಕೆ ಬೇಕಾದ ವಪೆಯಲ್ಲೂ ಇರಲಿಲ್ಲ. ಕೈಕಾಲಿನ ಮಾಂಸಖಂಡವಾಗುವ ಕೋಶಗಳು ಹುಟ್ಟುವುದು ಬೆನ್ನಿನ ಹತ್ತಿರ. ಅಲ್ಲಿಂದ ಅವು ಕೈಕಾಲಿಗೆ ನಡೆದುಕೊಂಡು ಹೋಗಬೇಕು. ಮೆಟ್ ಇಲ್ಲದ ಭ್ರೂಣದಲ್ಲಿ ಅವು ಹೊರಡಲೇ ಇಲ್ಲ. ನಾನು ಈ ಪ್ರೋಟೀನಿನ ಬಗ್ಗೆ ಯಾರಿಗೆ ಹೇಳುವಾಗಲೂ ಮೊದಲು ಈ ಇಲಿಯ ಕಥೆಯನ್ನೇ ಹೇಳುತ್ತೇನೆ. ನೀವು ಈ ಸಾಲನ್ನು ಓದಲು ಮೊಬೈಲ್ ಹಿಡಿದಿರುವ ಕೈಯ ಮಾಂಸಖಂಡ, ತಾಯಿಯ ಹೊಟ್ಟೆಯಲ್ಲಿದ್ದಾಗ ಮೆಟ್ ಹೇಳಿದ ದಾರಿಯಲ್ಲಿ ನಡೆದು ಬಂದದ್ದು.

ದೊಡ್ಡವರಾದ ಮೇಲೂ ಗಾಯ ಮಾಯುವಾಗ, ಲಿವರ್ ರಿಪೇರಿ ಆಗುವಾಗ ಇದು ಎಚ್ಚರವಾಗುತ್ತದೆ. ಕೆಲಸ ಮುಗಿದ ಮೇಲೆ ಮಲಗುತ್ತದೆ. ಕ್ಯಾನ್ಸರಿನಲ್ಲಿ ಮಲಗುವುದಿಲ್ಲ. ಅದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1997ರಲ್ಲಿ. ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುವ ಒಂದು ಬಗೆಯ ಮೂತ್ರಪಿಂಡದ ಕ್ಯಾನ್ಸರ್ ಇದೆ. ಆ ಕುಟುಂಬದವರಿಗೆ ಹುಟ್ಟಿನಿಂದಲೇ ಮೆಟ್ ಜೀನಿನಲ್ಲಿ ದೋಷ ಇರುತ್ತದೆ ಎಂದು ಗೊತ್ತಾಯಿತು.

ಒಂದೇ ಕೈಯ ಔಷಧ

ಹಾಗಾದರೆ ಮೆಟ್‌ಗೆ ಅಡ್ಡ ನಿಲ್ಲುವ ಆಂಟಿಬಾಡಿ, ಅಂದರೆ ಗುರಿಯನ್ನು ಹುಡುಕಿ ಹಿಡಿದುಕೊಳ್ಳುವ ಪ್ರೋಟೀನ್, ಮಾಡಿದರಾಯಿತು, ಅಲ್ವಾ? ಅಲ್ಲೇ ಒಂದು ತೊಡಕು. ಆಂಟಿಬಾಡಿಗೆ ಎರಡು ಕೈ. ಅದು ಒಂದು ಕೈಯಲ್ಲಿ ಒಂದು ಮೆಟ್ ಹಿಡಿಯುತ್ತದೆ, ಇನ್ನೊಂದರಲ್ಲಿ ಮತ್ತೊಂದು. ಎರಡೂ ಹತ್ತಿರ ಬಂದವು ಅಂದರೆ ಎಚ್‌ಜಿಎಫ್ ಮಾಡುವ ಕೆಲಸವನ್ನೇ ಔಷಧ ಮಾಡಿದ ಹಾಗಾಯಿತು. ಮೊದಲು ಮಾಡಿದ ಆಂಟಿಬಾಡಿ ಹಾಗೇ ಮೆಟ್ಟನ್ನು ತಡೆಯುವ ಬದಲು ಎಬ್ಬಿಸಿತ್ತು.

ಜೆನೆಂಟೆಕ್ ವಿಜ್ಞಾನಿಗಳು ಒಂದು ಕೈಯನ್ನೇ ತೆಗೆದುಬಿಟ್ಟರು. ಒಂದೇ ಕೈಯಿಂದ ಚಪ್ಪಾಳೆ ಆಗುವುದಿಲ್ಲ. ಒಂಟಿ ಕೈಯ ಆಂಟಿಬಾಡಿ ಒಂದು ಮೆಟ್ಟನ್ನು ಹಿಡಿದು ಕೂರುತ್ತದೆ, ಎಚ್‌ಜಿಎಫ್‌ಗೆ ಜಾಗ ಬಿಡುವುದಿಲ್ಲ, ಇನ್ನೊಂದು ಮೆಟ್ಟನ್ನು ಎಳೆದುಕೊಂಡೂ ಬರುವುದಿಲ್ಲ. ಅದನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದರು. ಇದೇ ಒನಾರ್ಟುಝುಮ್ಯಾಬ್. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ನಿಜಕ್ಕೂ ಸೊಗಸಾದ ಕೆಲಸ. ಪ್ರಯೋಗ ಸೋತಿತು ಎಂದು ಈ ಮಾತನ್ನು ವಾಪಸ್ ತೆಗೆದುಕೊಳ್ಳಬೇಕಾಗಿಲ್ಲ.

ದೊಡ್ಡ ಪ್ರಯೋಗಕ್ಕೆ ಮೊದಲು ಎರಡನೇ ಹಂತದ ಚಿಕ್ಕ ಪ್ರಯೋಗ ನಡೆಯಿತು. 137 ರೋಗಿಗಳು. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಔಷಧದಿಂದ ಏನೂ ಲಾಭ ಕಾಣಲಿಲ್ಲ. ಆದರೆ ಗಡ್ಡೆಯಲ್ಲಿ ಮೆಟ್ ಜಾಸ್ತಿ ಇದ್ದ 66 ಜನರನ್ನು ಬೇರೆ ಮಾಡಿ ನೋಡಿದಾಗ ಚಿತ್ರ ಬೇರೆಯೇ ಇತ್ತು. ಅವರಲ್ಲಿ ಔಷಧ ಸಿಕ್ಕವರ ಮೀಡಿಯನ್ ಆಯಸ್ಸು 12.6 ತಿಂಗಳು, ಪ್ಲಾಸಿಬೊ ಗುಂಪಿನವರದು 3.8 ತಿಂಗಳು. ಮೆಟ್ ಕಡಿಮೆ ಇದ್ದವರಲ್ಲಿ ಮಾತ್ರ ಉಲ್ಟಾ, ಔಷಧ ಸಿಕ್ಕವರೇ ಬೇಗ ತೀರಿಕೊಂಡರು.

ಮೆಟ್ ಜಾಸ್ತಿ ಎಂದು ತೀರ್ಮಾನ ಮಾಡಿದ್ದು ಹೇಗೆ ಎಂದು ಹತ್ತಿರದಿಂದ ನೋಡಬೇಕು. ಬಯಾಪ್ಸಿಯಲ್ಲಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಇಟ್ಟು, ಕೂದಲಿಗಿಂತ ತೆಳ್ಳಗೆ ಹೆರೆದು, ಗಾಜಿನ ಸ್ಲೈಡಿಗೆ ಅಂಟಿಸುತ್ತಾರೆ. ಅದರ ಮೇಲೆ ಎಸ್‌ಪಿ44 ಎಂಬ ಆಂಟಿಬಾಡಿ ಹಾಕುತ್ತಾರೆ. ಅದು ಮೆಟ್ ಇರುವಲ್ಲಿ ಮಾತ್ರ ಅಂಟುತ್ತದೆ. ಆಮೇಲೆ ಬಣ್ಣ ಬರಿಸುತ್ತಾರೆ. ಮೆಟ್ ಇದ್ದ ಕೋಶದ ಸುತ್ತ ಕಂದು ಗೆರೆ ಕಾಣುತ್ತದೆ. ಪೆಥಾಲಜಿ ಡಾಕ್ಟರ್ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಅಂಕ ಕೊಡುತ್ತಾರೆ. ಬಣ್ಣವೇ ಇಲ್ಲದಿದ್ದರೆ 0, ನಸು ಕಂದಿಗೆ 1, ಮಧ್ಯಮಕ್ಕೆ 2, ಗಾಢ ಕಂದಿಗೆ 3. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕೋಶಗಳಿಗೆ 2 ಅಥವಾ 3 ಬಿದ್ದರೆ ಆ ರೋಗಿ ‘ಮೆಟ್ ಪಾಸಿಟಿವ್’.

ಇದೇ ಅಳತೆಗೋಲಿನಿಂದ 499 ಜನರನ್ನು ಆರಿಸಿ ಮೂರನೇ ಹಂತಕ್ಕೆ ಹೋದರು. ಅದರ ಫಲ ಮೊದಲೇ ಹೇಳಿದ್ದೇನೆ. ಕಾಯಿಲೆ ಮತ್ತೆ ಬೆಳೆಯುವವರೆಗಿನ ಅವಧಿ ಒಂದು ಗುಂಪಿನಲ್ಲಿ 2.7 ತಿಂಗಳು, ಇನ್ನೊಂದರಲ್ಲಿ 2.6. ಅಂದರೆ ವ್ಯತ್ಯಾಸವೇ ಇಲ್ಲ.

ತೇರಿನ ಸುತ್ತ ಇದ್ದವರೆಲ್ಲ ಹಗ್ಗ ಎಳೆಯುವವರಲ್ಲ

ಸೋಲಿಗೆ ಕಾರಣ ಹುಡುಕುವಾಗ ನಾನು ಮೊದಲು ನೋಡುವುದು ಎರಡು ಪ್ಲಾಸಿಬೊ ಗುಂಪುಗಳನ್ನು. ಚಿಕ್ಕ ಪ್ರಯೋಗದಲ್ಲಿ ಮೆಟ್ ಜಾಸ್ತಿ ಇದ್ದ ಪ್ಲಾಸಿಬೊ ರೋಗಿಗಳ ಮೀಡಿಯನ್ ಆಯಸ್ಸು 3.8 ತಿಂಗಳು. ದೊಡ್ಡ ಪ್ರಯೋಗದಲ್ಲಿ ಅದೇ ರೀತಿಯ ಪ್ಲಾಸಿಬೊ ರೋಗಿಗಳದು 9.1 ತಿಂಗಳು. ಅದೇ ಕಾಯಿಲೆ, ಅದೇ ಬಣ್ಣದ ಪರೀಕ್ಷೆ, ಅದೇ ಮಾತ್ರೆ. ಆದರೂ ಎರಡು ಪಟ್ಟಿಗಿಂತ ಜಾಸ್ತಿ ಅಂತರ. ಚಿಕ್ಕ ಪ್ರಯೋಗದ ಆ ಗುಂಪಿನಲ್ಲಿ ಇದ್ದದ್ದು ಮೂವತ್ತು ಚಿಲ್ಲರೆ ಜನ. ಅಷ್ಟು ಕಡಿಮೆ ಜನರಿದ್ದಾಗ ತೀರಾ ಕಾಯಿಲೆಯವರು ನಾಲ್ಕೈದು ಜನ ಒಂದೇ ಕಡೆ ಬಂದುಬಿಟ್ಟರೂ ಲೆಕ್ಕ ವಾಲುತ್ತದೆ. ಔಷಧ ಗೆದ್ದಂತೆ ಕಂಡದ್ದರಲ್ಲಿ ಒಂದು ಪಾಲು ಎದುರಿನ ಗುಂಪು ಹಿಂದೆ ಬಿದ್ದದ್ದರಿಂದ ಇರಬೇಕು ಎಂದು ನನಗೆ ಅನಿಸುತ್ತದೆ. ಇದನ್ನು ಯಾರ ತಪ್ಪು ಎನ್ನಲೂ ಮನಸ್ಸಿಲ್ಲ. ದೊಡ್ಡ ಪ್ರಯೋಗ ಮಾಡುವುದೇ ಇದನ್ನು ಬೇರ್ಪಡಿಸಲು.

ಎರಡನೆಯ ಕಾರಣ ಇದಕ್ಕಿಂತ ಆಳದ್ದು. ಊರ ಜಾತ್ರೆಯಲ್ಲಿ ತೇರಿನ ಸುತ್ತ ಸಾವಿರ ಜನ ಇರುತ್ತಾರೆ. ಹಗ್ಗ ಹಿಡಿದು ಎಳೆಯುವವರು ಕೆಲವರು, ಉಳಿದವರು ಬಾಳೆಹಣ್ಣು ಎಸೆಯಲು ಬಂದವರು. ಜನ ಹೆಚ್ಚು ಇರುವ ಕಡೆ ಬೆರಳು ಮಾಡಿ ‘ಇವರೇ ಎಳೆಯುತ್ತಿರುವುದು’ ಎಂದರೆ ತಪ್ಪಾಗುತ್ತದೆ. ಕಂದು ಬಣ್ಣದ ಪರೀಕ್ಷೆ ಎಣಿಸಿದ್ದು ಜನರನ್ನು. ಹಗ್ಗ ಯಾರ ಕೈಯಲ್ಲಿದೆ ಎಂದು ಹೇಳುವ ಶಕ್ತಿ ಅದಕ್ಕಿರಲಿಲ್ಲ.

ಮೆಟ್ ಹೆಚ್ಚಾಗುವುದಕ್ಕೆ ಬೇರೆ ಬೇರೆ ಕಾರಣ ಇರುತ್ತವೆ. ಗಡ್ಡೆ ಬೆಳೆದ ಹಾಗೆ ಅದರ ನಡುಭಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ಆಮ್ಲಜನಕ ಕಡಿಮೆ ಆಗುತ್ತದೆ. ಹಾಗೆ ಉಸಿರುಗಟ್ಟಿದ ಕೋಶಗಳು ಮೆಟ್ಟನ್ನು ಜಾಸ್ತಿ ಮಾಡಿಕೊಳ್ಳುತ್ತವೆ ಎಂದು ಇಟಲಿಯ ಟ್ಯೂರಿನ್‌ನ ತಂಡವೊಂದು 2003ರಲ್ಲೇ ತೋರಿಸಿತ್ತು. ಬರಗಾಲ ಬಂದಾಗ ಊರು ಬಿಡಲು ಗಂಟು ಕಟ್ಟಿದ ಹಾಗೆ. ಅಲ್ಲಿ ಮೆಟ್ ಹೆಚ್ಚಾಗಿರುವುದು ಕ್ಯಾನ್ಸರಿನಿಂದ, ಕ್ಯಾನ್ಸರ್ ಬಂದಿರುವುದು ಮೆಟ್‌ನಿಂದ ಅಲ್ಲ. ಅಂಥ ಕೋಶದಲ್ಲಿ ಮೆಟ್ಟನ್ನು ಕಟ್ಟಿಹಾಕಿದರೂ ಅದರ ಬೆಳವಣಿಗೆಗೆ ಬೇರೆ ದಾರಿಗಳು ತೆರೆದೇ ಇರುತ್ತವೆ.

ಇದು ಒಂದೇ ಔಷಧದ ಸೋಲು ಅಲ್ಲ. ಎಚ್‌ಜಿಎಫ್ಫನ್ನೇ ಹಿಡಿಯುವ ರಿಲೊಟುಮುಮ್ಯಾಬ್ ಎಂಬ ಇನ್ನೊಂದು ಆಂಟಿಬಾಡಿಯನ್ನು ಹೊಟ್ಟೆಯ ಕ್ಯಾನ್ಸರಿನಲ್ಲಿ ಪ್ರಯೋಗಿಸುತ್ತಿದ್ದರು. ಅಲ್ಲೂ ಮೆಟ್ ಬಣ್ಣ ಬಂದವರನ್ನೇ ಆರಿಸಿದ್ದರು. ಅದನ್ನೂ 2014ರಲ್ಲೇ ನಿಲ್ಲಿಸಿದರು, ಔಷಧ ಪಡೆದವರಲ್ಲಿ ಸಾವು ಹೆಚ್ಚಾಗಿತ್ತು. ಟಿವಾಂಟಿನಿಬ್ ಎಂಬ ಮಾತ್ರೆಯ ಕಥೆ ಇನ್ನೂ ಬೇರೆ. ಅದನ್ನು ಮೆಟ್ ತಡೆಯುವ ಔಷಧ ಎಂದೇ ದೊಡ್ಡ ಪ್ರಯೋಗಗಳಲ್ಲಿ ಕೊಟ್ಟರು. 2013ರಲ್ಲಿ ಲ್ಯಾಬಿನಲ್ಲಿ ಕೂಲಂಕಷವಾಗಿ ನೋಡಿದಾಗ ಮೆಟ್ ಇಲ್ಲದ ಕೋಶಗಳನ್ನೂ ಅದು ಕೊಲ್ಲುತ್ತಿತ್ತು. ಕೋಶದೊಳಗಿನ ಕಂಬಗಳಂಥ ಮೈಕ್ರೊಟ್ಯೂಬ್ಯೂಲುಗಳನ್ನು ಕೆಡಿಸುವುದು ಅದರ ನಿಜವಾದ ಕೆಲಸವಾಗಿತ್ತು.

ಆ ದಿನಗಳಲ್ಲಿ ಬಹಳ ಜನ ಮೆಟ್ ಕಥೆ ಮುಗಿಯಿತು ಎಂದುಕೊಂಡರು.

47 ಮಣಿಗಳು

ಆದರೆ ಉತ್ತರ ಅದಾಗಲೇ ಪ್ರಕಟವಾಗಿ ಕೂತಿತ್ತು. ಈ ಪ್ರಕರಣದಲ್ಲಿ ನನ್ನನ್ನು ತುಂಬಾ ಕಾಡುವ ಭಾಗ ಇದು.

ಕೆಲಸ ಮುಗಿದ ಮೆಟ್ ಮಲಗುತ್ತದೆ ಎಂದೆನಲ್ಲ, ಅದು ತಾನಾಗಿಯೇ ಮಲಗುವುದಿಲ್ಲ. ಕೋಶವೇ ಅದನ್ನು ಒಳಗೆ ಎಳೆದುಕೊಂಡು ಪುಡಿ ಮಾಡುತ್ತದೆ. ಯಾವ ಮೆಟ್ಟನ್ನು ಪುಡಿ ಮಾಡಬೇಕು ಎಂದು ಗುರುತು ಹಾಕುವ ಪ್ರೋಟೀನಿನ ಹೆಸರು ಸಿಬಿಎಲ್. ಕಡಿಯುವ ಮರಕ್ಕೆ ಅರಣ್ಯ ಇಲಾಖೆಯವರು ಮೊದಲು ನಂಬರ್ ಹೊಡೆಯುತ್ತಾರಲ್ಲ, ಹಾಗೆ. ಸಿಬಿಎಲ್ ಬಂದು ಕೂರಲು ಮೆಟ್ ಮೈಮೇಲೆ ಒಂದು ನಿರ್ದಿಷ್ಟ ಜಾಗ ಇದೆ. ಹೊರಪೊರೆಯ ಒಳಪಕ್ಕಕ್ಕೆ, 1003ನೇ ಸ್ಥಾನದಲ್ಲಿರುವ ಟೈರೊಸಿನ್ ಎಂಬ ಅಮೈನೊ ಆಮ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೊರಾಗ್ ಪಾರ್ಕ್ ಅವರ ತಂಡ 2001ರಲ್ಲಿ ಆ ಒಂದು ಅಮೈನೊ ಆಮ್ಲವನ್ನು ಮಾತ್ರ ಬದಲಿಸಿ ನೋಡಿತು. ಮೆಟ್ ಪ್ರಮಾಣದಲ್ಲಿ, ಆಕಾರದಲ್ಲಿ ಬೇರೆ ಏನೂ ಕೈಯಾಡಿಸಲಿಲ್ಲ. ಕೋಶಗಳು ಕ್ಯಾನ್ಸರಿನ ಹಾದಿ ಹಿಡಿದವು.

ಈ 1003ನೇ ಟೈರೊಸಿನ್ ಇರುವುದು ಜೀನಿನ 14ನೇ ತುಂಡಿನಲ್ಲಿ. ನಮ್ಮ ಜೀನುಗಳು ಒಂದೇ ಉದ್ದನೆಯ ಬರಹ ಅಲ್ಲ. ಬೇಕಾದ ತುಂಡುಗಳ ನಡುವೆ ಬೇಡದ ಭಾಗ ಇರುತ್ತದೆ. ಕೋಶವು ಬೇಡದ್ದನ್ನು ಕತ್ತರಿಸಿ, ಬೇಕಾದ ತುಂಡುಗಳನ್ನು ಸಾಲಾಗಿ ಹೊಲಿಯುತ್ತದೆ. ಬೇಕಾದ ತುಂಡಿಗೆ ಎಕ್ಸಾನ್ ಎನ್ನುತ್ತಾರೆ. ಎಲ್ಲಿ ಕತ್ತರಿಸಬೇಕು ಎಂಬ ಗುರುತು ಆ ತುಂಡಿನ ಎರಡೂ ಅಂಚಿನಲ್ಲಿರುತ್ತದೆ. ಆ ಗುರುತು ಅಳಿಸಿಹೋದರೆ? ಕತ್ತರಿಗೆ 14ನೇ ತುಂಡು ಕಾಣುವುದೇ ಇಲ್ಲ. 13ನ್ನು ನೇರವಾಗಿ 15ಕ್ಕೆ ಹೊಲಿದುಬಿಡುತ್ತದೆ.

ಇಲ್ಲೊಂದು ಲೆಕ್ಕ ನೋಡಿ. 14ನೇ ಎಕ್ಸಾನಿನಲ್ಲಿ 141 ಅಕ್ಷರಗಳಿವೆ. ಜೀನನ್ನು ಕೋಶ ಮೂರು ಮೂರು ಅಕ್ಷರವಾಗಿ ಓದುತ್ತದೆ, ಮೂರಕ್ಕೆ ಒಂದು ಅಮೈನೊ ಆಮ್ಲ. 141ನ್ನು ಮೂರರಿಂದ ಭಾಗಿಸಿದರೆ ಸರಿಯಾಗಿ 47, ಶೇಷ ಸೊನ್ನೆ. ಒಂದು ಅಕ್ಷರ ಹೆಚ್ಚು ಕಡಿಮೆ ಆಗಿದ್ದರೂ 15ನೇ ತುಂಡಿನಿಂದ ಮುಂದೆ ಓದೆಲ್ಲ ತಪ್ಪಿ, ಪ್ರೋಟೀನ್ ಹಾಳಾಗಿ, ಕ್ಯಾನ್ಸರಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ಶೇಷ ಉಳಿಯದೇ ಇರುವುದರಿಂದ ಸರದ ನಡುವಿನ 47 ಮಣಿಗಳು ಮಾತ್ರ ಕಳಚಿ, ಉಳಿದ ಸರ ಹಾಗೇ ನಿಲ್ಲುತ್ತದೆ. ಎಚ್‌ಜಿಎಫ್ ಹಿಡಿಯುವ ಭಾಗ ಇದೆ. ಸಿಗ್ನಲ್ ಕೊಡುವ ಭಾಗ ಇದೆ. ನಂಬರ್ ಹೊಡೆಯುವ ಜಾಗ ಇಲ್ಲ.

ಮನುಷ್ಯರ ಶ್ವಾಸಕೋಶದ ಗಡ್ಡೆಗಳಲ್ಲಿ ಹೀಗೆ ಆಗಿರುವುದನ್ನು, ಅದರಿಂದ ಮೆಟ್ ಪುಡಿಯಾಗದೇ ಉಳಿಯುವುದನ್ನು 2006ರಲ್ಲಿ ವರದಿ ಮಾಡಿದ್ದು ಜೆನೆಂಟೆಕ್‌ನ ವಿಜ್ಞಾನಿಗಳೇ. ದೊಡ್ಡ ಪ್ರಯೋಗ ನಿಲ್ಲುವುದಕ್ಕೆ ಎಂಟು ವರ್ಷ ಮೊದಲು.

ಇನ್ನೂ ಹಿಂದಕ್ಕೆ ಹೋಗಬಹುದು. 1984ರಲ್ಲಿ ಮೊದಲು ಸಿಕ್ಕ ಮೆಟ್ ಪೂರ್ತಿ ಮೆಟ್ ಆಗಿರಲಿಲ್ಲ. ರಾಸಾಯನಿಕದ ಹೊಡೆತಕ್ಕೆ ಕ್ರೋಮೊಸೋಮುಗಳು ಮುರಿದು, ಮೆಟ್‌ನ ಹಿಂಭಾಗ ಟಿಪಿಆರ್ ಎಂಬ ಬೇರೊಂದು ಜೀನಿಗೆ ಅಂಟಿಕೊಂಡಿತ್ತು. ಆ ಜೋಡಣೆಯಲ್ಲಿ ಮೆಟ್ ಶುರುವಾಗುವುದು 15ನೇ ಎಕ್ಸಾನಿನಿಂದ. ಅಂದರೆ ಮನುಷ್ಯರ ಕಣ್ಣಿಗೆ ಬಿದ್ದ ಮೊಟ್ಟಮೊದಲ ಕ್ಯಾನ್ಸರ್ ಮೆಟ್‌ನಲ್ಲೂ 14ನೇ ತುಂಡು ಇರಲಿಲ್ಲ. ಆ ಮೊದಲ ಪ್ರಬಂಧದ ಲೇಖಕರಲ್ಲಿ ಮೊರಾಗ್ ಪಾರ್ಕ್ ಕೂಡ ಒಬ್ಬರು. ಅದೇ ಹೆಂಗಸು ಹದಿನೇಳು ವರ್ಷದ ನಂತರ ಆ ಕಾಣೆಯಾದ ಜಾಗ ಏನು ಮಾಡುತ್ತಿತ್ತು ಎಂದು ತೋರಿಸಿದರು.

ಗೊತ್ತಿದ್ದರೂ ಯಾಕೆ ತಡವಾಯಿತು? ಒಂದು, ಇಂಥ ರೋಗಿಗಳು ಕಡಿಮೆ. ಅಡಿನೊಕಾರ್ಸಿನೋಮಾ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು ಮೂವರು. ಎರಡು, ಹುಡುಕುವುದು ಕಷ್ಟ. ಗುರುತು ಅಳಿಸುವುದಕ್ಕೆ ಒಂದೇ ದಾರಿ ಇಲ್ಲ. ಒಂದಕ್ಷರ ಬದಲಾಗಬಹುದು, ಹತ್ತಿಪ್ಪತ್ತು ಅಕ್ಷರ ಹೋಗಬಹುದು, ಈ ಅಂಚಿನಲ್ಲಾಗಬಹುದು, ಆ ಅಂಚಿನಲ್ಲಾಗಬಹುದು. ಎಷ್ಟೋ ಸಲ ಅದು ಇರುವುದು ಎಕ್ಸಾನಿನ ಹೊರಗಿನ ‘ಬೇಡದ’ ಭಾಗದಲ್ಲಿ. ಹಳೆಯ ಪರೀಕ್ಷೆಗಳು ಆ ಭಾಗವನ್ನು ಓದುತ್ತಲೇ ಇರಲಿಲ್ಲ. 2015ರಲ್ಲಿ ಅಮೆರಿಕದ ಒಂದು ತಂಡ 38,028 ಗಡ್ಡೆಗಳ ಡಿಎನ್‌ಎ ಓದಿದ ದಾಖಲೆಯನ್ನು ಜಾಲಾಡಿತು. 221 ಗಡ್ಡೆಗಳಲ್ಲಿ ಈ ದೋಷ ಸಿಕ್ಕಿತು. ಅಷ್ಟರಲ್ಲೇ 126 ಬೇರೆ ಬೇರೆ ಬಗೆ.

ಅದೇ ವರ್ಷ ಇಂಥ ದೋಷವಿದ್ದ ಕೆಲವು ರೋಗಿಗಳಿಗೆ ಕ್ರಿಜೊಟಿನಿಬ್ ಮಾತ್ರೆ ಕೊಟ್ಟಾಗ ಗಡ್ಡೆ ಕುಗ್ಗಿದ ವರದಿಗಳು ಬಂದವು. ಕ್ರಿಜೊಟಿನಿಬ್ಬನ್ನು ಮೊದಲು ರೂಪಿಸಿದ್ದೇ ಮೆಟ್ ತಡೆಯಲು. ಅದು 2011ರಲ್ಲಿ ಮಾರುಕಟ್ಟೆಗೆ ಬಂದದ್ದು ಮಾತ್ರ ಆಲ್ಕ್ ಎಂಬ ಬೇರೆ ಪ್ರೋಟೀನಿನ ಕ್ಯಾನ್ಸರಿಗೆ. ತನ್ನ ಮೂಲ ಕೆಲಸಕ್ಕೆ ಅದು ಸುತ್ತು ಹಾಕಿಕೊಂಡು ಬಂತು.

ಆಮೇಲೆ ದಾರಿ ಸಲೀಸಾಯಿತು. ಈ ದೋಷ ಇರುವ ರೋಗಿಗಳಿಗೆಂದೇ 2020ರ ಮಾರ್ಚ್‌ನಲ್ಲಿ ಜಪಾನ್ ಟೆಪೊಟಿನಿಬ್ ಮಾತ್ರೆಗೆ ಒಪ್ಪಿಗೆ ಕೊಟ್ಟಿತು, ಎರಡು ತಿಂಗಳಿಗೆ ಅಮೆರಿಕ ಕ್ಯಾಪ್ಮಾಟಿನಿಬ್‌ಗೆ. ಈ ಮಾತ್ರೆಗಳು ಹೊರಗೆ ಎಚ್‌ಜಿಎಫ್ ಜಾಗದಲ್ಲಿ ಕೂರುವುದಿಲ್ಲ. ಒಳಗೆ ಹೋಗಿ ಫಾಸ್ಫೇಟ್ ಗುರುತು ಹಾಕುವ ಭಾಗವನ್ನೇ ಹಿಡಿಯುತ್ತವೆ. ಕ್ಯಾಪ್ಮಾಟಿನಿಬ್ ತೆಗೆದುಕೊಂಡವರಲ್ಲಿ ಸುಮಾರು ಅರ್ಧ ಜನರಿಗೆ ಕಾಲು ಊದಿಕೊಂಡಿತು, ಇದೇ ಅದರ ಮುಖ್ಯ ತೊಂದರೆ. ಮಾತ್ರೆ ಶಾಶ್ವತವಾಗಿ ಕೆಲಸ ಮಾಡುವುದಿಲ್ಲ ಎನ್ನುವುದನ್ನೂ ಹೇಳಲೇಬೇಕು. ಮೆಟ್ ಇನ್ನೊಂದು ಕಡೆ ಬದಲಾಗಿ ಮಾತ್ರೆಗೆ ಜಾಗ ಕೊಡದಂತೆ ಆಗುತ್ತದೆ, ಅಥವಾ ಕೋಶ ಬೇರೆ ದಾರಿ ಹಿಡಿಯುತ್ತದೆ.

ರಿಪೋರ್ಟಿನಲ್ಲಿ ಮೆಟ್ ಎಂದು ಕಂಡರೆ

ಇದನ್ನು ಬರೆಯಲು ಕೂತದ್ದಕ್ಕೆ ಇನ್ನೊಂದು ಕಾರಣ ಇದೆ. ಈಗ ಕ್ಯಾನ್ಸರ್ ರೋಗಿಗಳ ಮನೆಯವರ ಕೈಗೂ ಉದ್ದುದ್ದ ಜೀನ್ ರಿಪೋರ್ಟ್ ಬರುತ್ತದೆ. ಅದರಲ್ಲಿ ಮೆಟ್ ಎಂಬ ಹೆಸರು ಮೂರು ಬೇರೆ ರೀತಿಯಲ್ಲಿ ಬರಬಹುದು. ಎಕ್ಸಾನ್ 14 ಬಿಟ್ಟುಹೋಗಿದೆ ಎಂದಿರಬಹುದು. ಜೀನಿನ ಪ್ರತಿಗಳು ಹೆಚ್ಚಾಗಿವೆ ಎಂದಿರಬಹುದು. ಪ್ರೋಟೀನ್ ಜಾಸ್ತಿ ಇದೆ ಎಂದಿರಬಹುದು. ಮೂರಕ್ಕೂ ಚಿಕಿತ್ಸೆ ಒಂದೇ ಅಲ್ಲ. ಕ್ಯಾಪ್ಮಾಟಿನಿಬ್ ಪ್ರಯೋಗದಲ್ಲೇ ಪ್ರತಿಗಳು ಸ್ವಲ್ಪ ಮಾತ್ರ ಹೆಚ್ಚಿದ್ದವರಲ್ಲಿ ಪರಿಣಾಮ ತೀರಾ ಕಡಿಮೆ ಇತ್ತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಪ್ರತಿ ಇದ್ದವರಲ್ಲಿ ಪರವಾಗಿಲ್ಲ ಎನ್ನುವಷ್ಟಿತ್ತು. ‘ಮೆಟ್ ಪಾಸಿಟಿವ್’ ಎಂಬ ಎರಡೇ ಪದ ಕಂಡರೆ, ಯಾವ ಪರೀಕ್ಷೆಯಲ್ಲಿ ಪಾಸಿಟಿವ್ ಎಂದು ಡಾಕ್ಟರನ್ನು ಕೇಳಿ. ಡಿಎನ್‌ಎ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಆರ್‌ಎನ್‌ಎ ಪರೀಕ್ಷೆಯೂ ಆಗಿದೆಯಾ ಎಂದು ಕೇಳಿ. ಆರ್‌ಎನ್‌ಎ ಎಂದರೆ ಹೊಲಿಗೆ ಮುಗಿದ ಬಟ್ಟೆ. 13ರ ಪಕ್ಕ 15 ಕೂತಿದ್ದರೆ ಅಲ್ಲಿ ನೇರವಾಗಿ ಕಾಣುತ್ತದೆ, ಗುರುತು ಹೇಗೆ ಅಳಿಸಿತು ಎಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಇನ್ನೂ ಮುಖ್ಯ. ಶ್ವಾಸಕೋಶದ ಕ್ಯಾನ್ಸರಿನ ಬೇರೆ ಜೀನ್ ದೋಷಗಳು ಹೆಚ್ಚಾಗಿ ಕಡಿಮೆ ವಯಸ್ಸಿನವರಲ್ಲಿ, ಸಿಗರೇಟು ಸೇದದವರಲ್ಲಿ ಕಾಣುತ್ತವೆ. ಎಕ್ಸಾನ್ 14 ದೋಷ ಹಾಗಲ್ಲ. ಇದು ಹೆಚ್ಚಾಗಿ ಎಪ್ಪತ್ತು ದಾಟಿದವರ ಕಾಯಿಲೆ, ಸಿಗರೇಟು ಸೇದಿದವರಲ್ಲೂ ಬರುತ್ತದೆ. ‘ಈ ವಯಸ್ಸಿನಲ್ಲಿ ಅಷ್ಟೆಲ್ಲ ಟೆಸ್ಟ್ ಯಾಕೆ’ ಎಂದು ಅಜ್ಜ ಅಜ್ಜಿಯರ ಪರೀಕ್ಷೆ ಕೈಬಿಡುವುದು ಸುಲಭ. ಕೀಮೊ ತಡೆದುಕೊಳ್ಳಲಾಗದ ಆ ವಯಸ್ಸಿನವರಿಗೇ ಒಂದು ಮಾತ್ರೆ ಹೆಚ್ಚು ಬೇಕಾಗಿರುವುದು.

ಆ ಕಂದು ಬಣ್ಣದ ಪರೀಕ್ಷೆ ಏನಾಯಿತು? ಅದು ಮೂಲೆಗೆ ಸೇರಲಿಲ್ಲ. 2025ರ ಮೇ ತಿಂಗಳಲ್ಲಿ ಎಫ್‌ಡಿಎ ಟೆಲಿಸೊಟುಝುಮ್ಯಾಬ್ ವೆಡೋಟಿನ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಅದೂ ಮೆಟ್ಟನ್ನು ಹಿಡಿಯುವ ಆಂಟಿಬಾಡಿಯೇ. ಆದರೆ ಅದರ ಬೆನ್ನಿಗೆ ಕೋಶ ಕೊಲ್ಲುವ ವಿಷ ಕಟ್ಟಿದ್ದಾರೆ. ಮೆಟ್ ಅದಕ್ಕೆ ಮನೆ ನಂಬರ್ ಮಾತ್ರ. ನಂಬರ್ ನೋಡಿ ಒಳಗೆ ಹೋಗುತ್ತದೆ, ವಿಷ ಇಳಿಸುತ್ತದೆ. ಆ ಕೋಶದ ತೇರನ್ನು ಎಳೆಯುತ್ತಿರುವುದು ಮೆಟ್ಟೋ ಬೇರೆಯವರೋ ಎಂಬುದು ಅದಕ್ಕೆ ಬೇಕಾಗಿಲ್ಲ. ಇಲ್ಲಿ ಮೆಟ್ ಜಾಸ್ತಿ ಇರುವುದೇ ಬೇಕಾದದ್ದು. ರೋಗಿಗಳನ್ನು ಆರಿಸಲು ಬಳಸುವುದು ಅದೇ ಎಸ್‌ಪಿ44 ಆಂಟಿಬಾಡಿ, ಅದೇ ಗಾಜಿನ ಸ್ಲೈಡ್. ಈ ಸಲ ಕಟ್ಟುನಿಟ್ಟು ಜಾಸ್ತಿ, ಅರ್ಧದಷ್ಟು ಕೋಶಗಳಿಗಾದರೂ 3 ಅಂಕ ಬೀಳಬೇಕು. ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ ಅಂಥ 84 ರೋಗಿಗಳಿದ್ದರು. ಅವರಲ್ಲಿ ಶೇ. 35ರಷ್ಟು ಜನರ ಗಡ್ಡೆ ಕುಗ್ಗಿತು.